ಹನ್ನೆರಡು ಸರ್ವೊ, ನಡುಗುವ ಮೊಣಕಾಲು: ಬ್ರಷ್‌ಲೆಸ್‌ಗೆ ಹೋಗಲಾ?

ಪ್ರಶ್ನೆ: ನಾಲ್ಕು ಕಾಲಿನ ರೋಬೋ, ಎಂಜಿ996ಆರ್ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಗೇರ್ ಮೋಟಾರ್) ಹನ್ನೆರಡು, ಒಟ್ಟು 1.4 ಕೆಜಿ, ಮೊಣಕಾಲಿನ ಮೇಲೆ ಕೆಳಗೆ ತಲಾ 10 ಸೆಂ.ಮೀ. ನಿಂತರೆ ಮೊಣಕಾಲು ನಡುಗುತ್ತೆ, ಟ್ರಾಟ್ (ಎದುರು ಮೂಲೆಯ ಎರಡೆರಡು ಕಾಲು ಒಟ್ಟಿಗೆ ಎತ್ತುವ ನಡಿಗೆ) ಶುರುವಾದ ಕೂಡಲೇ ಇಎಸ್‌ಪಿ32 ಕಂಟ್ರೋಲರ್ ರೀಸೆಟ್. ಸರ್ವೊ ಬಿಟ್ಟು ಬ್ರಷ್‌ಲೆಸ್ (ಒಳಗೆ ಬ್ರಷ್ ಇಲ್ಲದ) ಮೋಟಾರ್‌ಗೆ ಹೋದವರು ಹೇಳಿ.

ಉತ್ತರ 1: ರೀಸೆಟ್ ಆಗೋದು ಪವರ್ ಸಾಲದೆ. ಈ ಸರ್ವೊ ತಿರುಗಲಾರದೆ ನಿಂತರೆ 6 ವೋಲ್ಟ್‌ನಲ್ಲಿ ಸುಮಾರು 2.5 ಆಂಪ್ ಎಳೆಯುತ್ತೆ, ಹನ್ನೆರಡಕ್ಕೆ 30. ನೀವು ಎಲ್‌ಎಂ2596 ಬಕ್ (ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿದ್ದರೆ ಅದರ 3 ಆಂಪ್ ಎಲ್ಲಿಗೆ ಸಾಕು? ನನ್ನದರಲ್ಲಿ ಮುಂಗಾಲಿಗೊಂದು, ಹಿಂಗಾಲಿಗೊಂದು 15 ಆಂಪ್ ಬಕ್, ಕಂಟ್ರೋಲರ್‌ಗೆ ಬೇರೆಯದೇ ಪುಟ್ಟ ಬಕ್, ಗ್ರೌಂಡ್ ಮಾತ್ರ ಒಂದೇ. ಸರ್ವೊಗಳಿಗೆ ಸಿಗ್ನಲ್ ಕೊಡುವ ಪಿಸಿಎ9685 ಬೋರ್ಡ್‌ನಿಂದ ಸಿಗ್ನಲ್ ವೈರ್ ಅಷ್ಟೇ ತಗೊಳ್ಳಿ, ಅದರ ಸಣ್ಣ ಟ್ರ್ಯಾಕ್ ಮೇಲೆ ಕಾಲಿನ ಕರೆಂಟ್ ಹರಿಸಬೇಡಿ. 2ಎಸ್ (ಎರಡು ಸೆಲ್‌ನ ಲಿಥಿಯಂ) ಬ್ಯಾಟರಿ ನೇರ ಕೊಟ್ಟೀರಾ ಜೋಕೆ: ಫುಲ್ ಚಾರ್ಜ್‌ನಲ್ಲಿ 8.4 ವೋಲ್ಟ್, ಸರ್ವೊ ಸುಡುತ್ತೆ.

ಉತ್ತರ 2: ನಡುಕದ ಮಾತು ಬಿಟ್ಟೇ ಹೋಯ್ತಲ್ಲ! ಟ್ರಾಟ್‌ನಲ್ಲಿ ಎರಡೇ ಕಾಲು ನೆಲದ ಮೇಲೆ, ಕಾಲಿಗೆ 700 ಗ್ರಾಂ. ಪಾದದಿಂದ ಮೊಣಕಾಲು ಅಡ್ಡಕ್ಕೆ 5 ಸೆಂ.ಮೀ. ಆಚೆ ಇದ್ದರೆ ಮೊಣಕಾಲಿನ ಸರ್ವೊ ಮೇಲೆ ಬೀಳುವ ತಿರುಗುಬಲ (ಟಾರ್ಕ್) 3.5 ಕೆಜಿ-ಸೆಂ.ಮೀ. ಡಬ್ಬದ ಮೇಲಿನ 11 ನಂಬಬೇಡಿ, ಬಿಸಿಯಾಗದೆ ಹೊರುವುದು ಅದರ ಮೂರನೇ ಒಂದು ಭಾಗ. ಕಾಲನ್ನು ನೆಟ್ಟಗೆ ಮಾಡಿ ಆ ಅಂತರ 3ಕ್ಕೆ ಇಳಿಸಿದರೆ 2.1 ಸಾಕು. 55 ಗ್ರಾಂ ಸರ್ವೊ ಮೊಣಕಾಲಲ್ಲಿ ನೇತಾಡೋದೂ ತಪ್ಪು. ಸೊಂಟಕ್ಕೆ ತಂದು ಪುಶ್‌ರಾಡ್ (ತಳ್ಳಿ ಎಳೆಯುವ ಕಡ್ಡಿ) ಹಾಕಿದ ಮೇಲೇ ನನ್ನದು ಓಲಾಡದೆ ನಡೆದದ್ದು. ಕಡ್ಡಿಯ ತುದಿಯ ಬಾಲ್ ಜಾಯಿಂಟ್ ಸಡಿಲ ಇದ್ದರೆ ಮಾತ್ರ ಮತ್ತೆ ನಡುಕ.

ಉತ್ತರ 3: ಸರ್ವೊಗೆ ತೇಪೆ ಹಾಕ್ತಾ ಕೂತರೆ ಮುಗಿಯಲ್ಲ. ಅದು ನೆಲದ ಪೆಟ್ಟನ್ನು ಗೇರ್ ಹಲ್ಲಿನಲ್ಲೇ ನುಂಗುತ್ತೆ. ಬ್ರಷ್‌ಲೆಸ್ ಮೋಟಾರಿನ ನಾಲ್ಕು ಕಾಲಿನ ರೋಬೋ ಸೋಲೊ 8 ನೋಡಿ: 2.2 ಕೆಜಿ, ವೇಗವನ್ನು ಒಂಬತ್ತರಲ್ಲೊಂದಕ್ಕೆ ಇಳಿಸುವ 9:1 ಬೆಲ್ಟ್, ಕಾಲನ್ನು ಕೈಯಲ್ಲಿ ತಳ್ಳಿದರೆ ಮೋಟಾರ್ ಹಿಂದಕ್ಕೆ ತಿರುಗುತ್ತೆ. ಜಿಗಿದು ಇಳಿಯಬೇಕಾದರೆ ಇದೇ ಬೇಕು.

ಉತ್ತರ 2: ಜಿಗಿತ ಕೇಳಿದ್ದು ಯಾರು ಸ್ವಾಮಿ? ಬ್ರಷ್‌ಲೆಸ್‌ಗೆ ಬೇಕಾದ ಎನ್‌ಕೋಡರ್ (ಕೋನ ಅಳೆಯುವ ಸೆನ್ಸರ್) ತಲೆನೋವನ್ನೂ ಹೇಳಿ. ಅಗ್ಗದ ಎನ್‌ಕೋಡರ್ ಎಎಸ್5600ಗೆ ಐ2ಸಿ (ಎರಡು ತಂತಿಯ ಸಂಪರ್ಕ) ವಿಳಾಸ ಒಂದೇ, ಬದಲಿಸಲಾಗದು. ಹನ್ನೆರಡು ಕೂಡಿಸಲು ಮಲ್ಟಿಪ್ಲೆಕ್ಸರ್ (ಒಂದೊಂದನ್ನೇ ಸರದಿಯಲ್ಲಿ ಜೋಡಿಸುವ ಚಿಪ್) ಬೇಕು, ಓದುವ ವೇಗ ಅಲ್ಲೇ ಬಿತ್ತು. ಅದು ಓದುವ ಮ್ಯಾಗ್ನೆಟ್ ವ್ಯಾಸದ ಉದ್ದಕ್ಕೆ ಕಾಂತೀಕರಿಸಿದ್ದೇ ಆಗಬೇಕು, ಮಾಮೂಲಿ ಬಿಲ್ಲೆ ಅಂಟಿಸಿದರೆ ಕೋನವೇ ಸಿಗಲ್ಲ.

ಉತ್ತರ 3: ವಿಳಾಸದ ಬದಲು ಆಯ್ಕೆ ತಂತಿಯಿಂದ ಗುರುತಿಸುವ ಎಸ್‌ಪಿಐ ಎನ್‌ಕೋಡರ್ ಅಂತ ಒಂದಿದೆ. ಅಗ್ಗದ್ದು ಹಾಕಿ ಬ್ರಷ್‌ಲೆಸ್ ಬೈಯಬೇಡಿ.

ಉತ್ತರ 4: ನಿಮ್ಮಿಬ್ಬರ ಜಗಳದಲ್ಲಿ ಕಾಲೇ ಮುರಿದೀತು. ಕಾಲಿನ ಭಾಗವನ್ನು ಮಲಗಿಸಿ 3ಡಿ ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದರೆ ಸ್ಕ್ರೂ ತೂತಿನ ಹತ್ತಿರ ಪದರ ಬಿಡುತ್ತೆ. ಸರ್ವೊ ಕೂರುವ ಜಾಗಕ್ಕೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ, 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ. ಪಿಇಟಿಜಿ ಹಾಕಿ, ಪಾದಕ್ಕೆ ರಬ್ಬರಿನಂಥ ಟಿಪಿಯು.

ಉತ್ತರ 1: ಪಿಇಟಿಜಿ ಬಾಗುತ್ತೆ, ಉದ್ದದ ಭಾಗಕ್ಕೆ ಕಾರ್ಬನ್ ಕೊಳವೆಯೇ ಸರಿ. ಹಾರ್ನ್ (ಸರ್ವೊ ಅಕ್ಷದ ಮೇಲೆ ಕೂರುವ ತೋಳು) ಸಿಗಿಸುವ ಮೊದಲು ಎಲ್ಲ ಸರ್ವೊಗೂ 1500 ಮೈಕ್ರೊಸೆಕೆಂಡ್ ಸಿಗ್ನಲ್ ಕೊಟ್ಟು ನಡುವಿಗೆ ತನ್ನಿ. ಅಕ್ಷದ 25 ಹಲ್ಲಿನಲ್ಲಿ ಒಂದು ತಪ್ಪಿದರೂ 14.4 ಡಿಗ್ರಿ ಓರೆ, ಅದನ್ನು ಕೋಡ್‌ನಲ್ಲೇ ತಿದ್ದಬೇಕಾಗುತ್ತೆ.