ಸಹಾಯ ಬೇಕು: ಕೊಡಗಿನಲ್ಲಿ ನೆಲೆಸಿದ್ದ ಬಾಸೆಲ್ ಮಿಷನ್ ಶಿಕ್ಷಕರ ದಿನಚರಿ

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ವಿರಾಜಪೇಟೆ ತಾಲ್ಲೂಕಿನ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ನಾನು, ಹತ್ತೊಂಬತ್ತನೆಯ ಶತಮಾನದಲ್ಲಿ ತಾಯ್ನಾಡು ಬಿಟ್ಟು ಕೊಡಗಿಗೆ ಬಂದ ಬಾಸೆಲ್ ಮಿಷನ್ನಿನ (ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಪ್ರಚಾರ ಸಂಸ್ಥೆ) ಶಿಕ್ಷಕರ ದಿನನಿತ್ಯದ ಬದುಕನ್ನು ಕುರಿತು ಮಕ್ಕಳಿಗಾಗಿ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ.

1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಜರ್ಮನಿಯ ಹರ್ಮನ್ ಮೊಗ್ಲಿಂಗ್, 1853ರಲ್ಲಿ ಕೊಡಗಿಗೆ ಬಂದು, ಅಮ್ಮತ್ತಿಯ ಬಳಿಯ ಆನಂದಪುರದಲ್ಲಿ ನೆಲೆಯೊಂದನ್ನು ಕಟ್ಟಿ, 1860ರಲ್ಲಿ ತಾಯ್ನಾಡಿಗೆ ಮರಳಿದರು; ಅದೇ ಮಿಷನ್ನಿನ ಜಿ. ರಿಕ್ಟರ್ ಅವರು ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿದ್ದರು. ಇವೆಲ್ಲ ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತವೆ. ನನಗೆ ಬೇಕಾಗಿರುವುದು ಮನೆಯೊಳಗಿನ ವಿವರ: ಕಕ್ಕಡದ (ಮಳೆಗಾಲದ ನಡುವಿನ ಕೊಡವ ತಿಂಗಳು) ಎಡೆಬಿಡದ ಮಳೆಯಲ್ಲಿ ಅವರು ತರಗತಿಗಳನ್ನು ಹೇಗೆ ನಡೆಸುತ್ತಿದ್ದರು, ಏನನ್ನು ಉಣ್ಣುತ್ತಿದ್ದರು, ಕೊಡವ ತಕ್ಕನ್ನು (ಕೊಡವರ ಭಾಷೆಯನ್ನು) ಯಾರಿಂದ ಕಲಿತರು, ಊರಿಗೆ ಪತ್ರಗಳನ್ನು ಯಾವ ದಾರಿಯಲ್ಲಿ ಕಳುಹಿಸುತ್ತಿದ್ದರು. ಇಂಥ ಸಣ್ಣ ಸಂಗತಿಗಳಿಲ್ಲದೆ ಮಕ್ಕಳಿಗೆ ಅವರು ಬರೀ ಹೆಸರುಗಳಾಗಿಯೇ ಉಳಿಯುತ್ತಾರೆಂಬುದು ನನ್ನ ದೃಢವಾದ ಅಭಿಪ್ರಾಯ.

ಆನಂದಪುರ, ಅಮ್ಮತ್ತಿ, ಮಡಿಕೇರಿ ಕಡೆಯ ಹಳೆಯ ಕುಟುಂಬದವರಲ್ಲಿ ಪತ್ರ, ಛಾಯಾಚಿತ್ರ ಅಥವಾ ಅಜ್ಜ-ಅಜ್ಜಿಯರಿಂದ ಕೇಳಿದ ಮಾತುಗಳಿದ್ದರೆ ದಯವಿಟ್ಟು ತಿಳಿಸಿ. ಮೂಲಪ್ರತಿ ಕೊಡಬೇಕಾಗಿಲ್ಲ, ನಾನೇ ಬಂದು ನಕಲು ಮಾಡಿಕೊಳ್ಳುತ್ತೇನೆ. ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನ ಸಂಗ್ರಹವನ್ನು ಬಳಸಿದವರೂ, ಹಳೆಯ ಜರ್ಮನ್ ಕೈಬರಹ ಓದಬಲ್ಲವರೂ ಮಾರ್ಗದರ್ಶನ ನೀಡಿದರೆ ದೊಡ್ಡ ಉಪಕಾರವಾಗುತ್ತದೆ.