ಗೋಣಿಕೊಪ್ಪದ ಸಣ್ಣ ಆಸ್ಪತ್ರೆಗೆ ಪ್ರಚಾರ ಹೇಗೆ ಮಾಡೋದು? ಫ್ಲೆಕ್ಸ್, ವಿಡಿಯೋ, ಕಮಿಷನ್ ಬಗ್ಗೆ ಸಲಹೆ ಬೇಕು

ಪೊನ್ನಂಪೇಟೆ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪ ಕಡೆಯ 30 ಹಾಸಿಗೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಪಿಆರ್‌ಓ (ಸಾರ್ವಜನಿಕ ಸಂಪರ್ಕಾಧಿಕಾರಿ) ಆಗಿ ಸೇರಿದ್ದೇನೆ. ಹೆರಿಗೆ ಡಾಕ್ಟರ್, ಮೂಳೆ ಡಾಕ್ಟರ್, ಫಿಸಿಷಿಯನ್ ಇದ್ದಾರೆ. ಲ್ಯಾಬ್ ಕೂಡ ಚೆನ್ನಾಗಿದೆ. ಆದರೂ ಕೈ ಮುರಿದರೆ ಸಾಕು, ಜನ ಕಾರು ಮಾಡಿಕೊಂಡು ಹುಣಸೂರು ದಾರಿ ಹಿಡಿದು ಮೈಸೂರಿಗೆ ಹೋಗ್ತಾರೆ. ಹತ್ತಿರ ಹತ್ತಿರ 90 ಕಿ.ಮೀ. ಇಲ್ಲೇ ಆಗುವ ಕೆಲಸಕ್ಕೆ ನೋವು ತಿನ್ನುತ್ತಾ ಅಷ್ಟು ದೂರ ಹೋಗೋದು ನೋಡಿದರೆ ಬೇಜಾರಾಗುತ್ತೆ.

ಆಡಳಿತದವರು ಹೇಳೋದು: ಊರೂರಿಗೆ ಫ್ಲೆಕ್ಸ್ ಹಾಕಿಸು, ಗುಣ ಆದವರ ವಿಡಿಯೋ ಮಾಡಿ ಫೇಸ್‌ಬುಕ್‌ಗೆ ಹಾಕು, ತೋಟದ ರೈಟರ್‌ಗಳಿಗೂ (ಕೆಲಸದವರ ಲೆಕ್ಕ, ಉಸ್ತುವಾರಿ ನೋಡುವವರು) ಆಟೋದವರಿಗೂ ಒಬ್ಬ ರೋಗಿಗೆ ಇಷ್ಟು ಅಂತ ಕೊಡೋಣ. ಕೊನೆಯದು ನನಗೆ ಸರಿ ಕಾಣ್ತಿಲ್ಲ. ಆದರೆ "ಎಲ್ಲರೂ ಕೊಡ್ತಾರೆ" ಅಂದಾಗ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಬಜೆಟ್ ಕಮ್ಮಿ. ಮಳೆ ಹಿಡಿಯುವ ಮೊದಲು ಏನಾದರೂ ಶುರು ಮಾಡಬೇಕು. ಈ ಕೆಲಸ ಬಲ್ಲವರು ಹೇಳಿ, ರೋಗಿಗಳ ಮನೆಯವರೂ ಹೇಳಿ.

ಬೇತ್ರಿ_ಅಣ್ಣ:

ತಂಗಿ, ನಾನು ವಿರಾಜಪೇಟೆ ಕಡೆಯವನು, ಮೈಸೂರಿನ ಆಸ್ಪತ್ರೆಯೊಂದರ ಪ್ರಚಾರ ವಿಭಾಗದಲ್ಲಿ ಬಹಳ ವರ್ಷದಿಂದ ಇದ್ದೇನೆ.

ಕಮಿಷನ್ ಖಂಡಿತ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿ 6.4 ಓದಿ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರ್ ದುಡ್ಡು ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದು ಅದೇ ತಿಂಗಳು ತಡೆಹಿಡಿದರು, ಹಾಗಾಗಿ ಹಳೆಯದನ್ನೇ ಹಿಡಿದು ನಡೆಯಬೇಕು. ಕ್ರಮ ಅಂತ ಬಂದರೆ ಅದು ಬೀಳೋದು ಡಾಕ್ಟರ್ ನೋಂದಣಿಯ ಮೇಲೆ. ಈ ಮಾತನ್ನು ಡಾಕ್ಟರ್‌ಗಳು ಕೂತಿರುವ ಮೀಟಿಂಗ್‌ನಲ್ಲೇ ಎತ್ತಿ, ನೀವು ಒಬ್ಬರೇ ಬೇಡ ಅನ್ನುವ ಕಷ್ಟ ಇರಲ್ಲ.

ವಿಡಿಯೋ ಬಗ್ಗೆಯೂ ಹುಷಾರು. ಬರಹದಲ್ಲಿ ಒಪ್ಪಿಗೆ ಇಲ್ಲದೆ ರೋಗಿಯ ಮುಖ ತೋರಿಸಬೇಡಿ. ಹಾಸಿಗೆ ಮೇಲೆ ಮಲಗಿರುವವರ ಹತ್ತಿರ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಅದು ಒಪ್ಪಿಗೆ ಅಲ್ಲ. ಮನೆಗೆ ಹೋಗಿ ಸುಧಾರಿಸಿಕೊಂಡ ಮೇಲೆ ಕೇಳಿ. ಶುಗರ್, ಕ್ಯಾನ್ಸರ್ ಪೂರ್ತಿ ವಾಸಿ ಮಾಡುವ ಔಷಧಿ ಅಂತೆಲ್ಲ ಬರೆಸಿದರೆ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ. ಫ್ಲೆಕ್ಸ್ ಅಂತೂ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಆಗಿದೆ, ನಮ್ಮ ಜೂನ್ ಗಾಳಿಗೆ ಉಳಿಯೋದೂ ಇಲ್ಲ.

ಹಾಗಾದರೆ ಮಾಡೋದೇನು? ಅದೇ 2002ರ ನಿಯಮ ರೋಗಿಗಳನ್ನು ಸೆಳೆಯುವ ಜಾಹೀರಾತು ಬೇಡ ಅನ್ನುತ್ತೆ, ಆದರೆ ಕೆಲವು ಪ್ರಕಟಣೆಗೆ ಜಾಗ ಬಿಟ್ಟಿದೆ. ಪ್ರಾಕ್ಟೀಸ್ ಶುರು ಮಾಡಿದ್ದು, ವಿಳಾಸ ಬದಲಾಗಿದ್ದು, ಡಾಕ್ಟರ್ ರಜೆಯಲ್ಲಿರೋದು, ವಾಪಸ್ ಬಂದಿದ್ದು, ಫೀಸ್ ಎಷ್ಟು ಅನ್ನೋದು. ಕೊಡಗಿಗೆ ಬೇಕಾಗಿರೋದೂ ಇದೇ ಅಲ್ವಾ? ಕುಟ್ಟದಿಂದ ಬೆಳಗ್ಗೆ ಬಸ್ಸು ಹತ್ತಿ ಬಂದ ಅಜ್ಜಿಗೆ ಕೌಂಟರ್‌ನಲ್ಲಿ "ಡಾಕ್ಟರ್ ಇವತ್ತು ಮದುವೆಗೆ ಹೋಗಿದ್ದಾರೆ, ನಾಳೆ ಬನ್ನಿ" ಅಂದರೆ ಆ ಅಜ್ಜಿ ಮಾತ್ರ ಅಲ್ಲ, ಅವರ ಇಡೀ ಒಕ್ಕ (ಮನೆತನ) ಇನ್ನು ನಿಮ್ಮ ಕಡೆ ತಲೆ ಹಾಕಲ್ಲ. ಮುಂದಿನ ವಾರ ಯಾವ ಡಾಕ್ಟರ್ ಯಾವ ದಿನ ಇರಲ್ಲ ಅನ್ನೋದನ್ನು 'ಶಕ್ತಿ' ಪತ್ರಿಕೆಗೆ ಕೊಡಿ, ವಾಟ್ಸಾಪ್‌ನಲ್ಲಿ ಹಾಕಿ, ಗೇಟಿನಲ್ಲೂ ಬರೆಯಿರಿ. ಡಾಕ್ಟರ್ ಇಲ್ಲ ಅಂತ ಮುಂಚೆಯೇ ಹೇಳುವ ಆಸ್ಪತ್ರೆಯನ್ನು, ಇದ್ದಾರೆ ಅಂದಾಗಲೂ ಜನ ನಂಬ್ತಾರೆ.

ಅಮ್ಮತ್ತಿ_ಹವಾಲ್ದಾರ್:

ಮಗಳೇ, ನಾನು ರೋಗಿಗಳ ಕಡೆಯವನು. ನಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಬರುವ ಪ್ರಶ್ನೆ, "ಇಸಿಎಚ್‌ಎಸ್ ನಡೆಯುತ್ತಾ?" ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್. ಕೊಡಗಿನಲ್ಲಿ ಎಷ್ಟು ಮನೆಗಳಲ್ಲಿ ಮಾಜಿ ಸೈನಿಕರಿದ್ದಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಾವು ಮೈಸೂರಿಗೆ ಹೋಗೋದು ಅಲ್ಲಿನ ಡಾಕ್ಟರ್ ದೊಡ್ಡವರು ಅಂತ ಮಾತ್ರ ಅಲ್ಲ, ಅಲ್ಲಿ ಕಾರ್ಡ್ ನಡೆಯುತ್ತೆ ಅಂತ. ನಿಮ್ಮ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಫೇಸ್‌ಬುಕ್‌ಗೆ ಹಾಕುವ ದುಡ್ಡನ್ನು ಅದಕ್ಕೆ ಓಡಾಡಲು ಇಡಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೂ ಹಾಗೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಸಿಗುತ್ತೆ, ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದನ್ನು ಬಿಡಿಸಿ ಹೇಳುವ ಒಬ್ಬರು ಕೌಂಟರ್‌ನಲ್ಲಿ ಇದ್ದರೆ ಸಾಕು. ಚೀಟಿ ಇಲ್ಲ ಅಂತ ವಾಪಸ್ ಕಳಿಸುವ ಬದಲು ಯಾರ ಹತ್ತಿರ ಹೋಗಿ ತರಬೇಕು ಅಂತ ಹೇಳಲಿ.

ಇನ್ನೊಂದು, ರಾತ್ರಿ. 2019ರಲ್ಲಿ ಕೊಡಗಿಗೆ ತುರ್ತು ಆಸ್ಪತ್ರೆ ಬೇಕು ಅಂತ ನಮ್ಮ ಹುಡುಗರು ಟ್ವಿಟರ್‌ನಲ್ಲಿ ಎಬ್ಬಿಸಿದ ಕೂಗು ನೆನಪಿರಬೇಕು. ದಾರಿಯಲ್ಲೇ ಜೀವ ಹೋಗುತ್ತೆ ಅನ್ನುವ ಭಯ ಇಲ್ಲಿ ಎಲ್ಲ ಮನೆಯಲ್ಲೂ ಇದೆ. ಮಧ್ಯರಾತ್ರಿ ನಿಮ್ಮ ಆಸ್ಪತ್ರೆಯ ನಂಬರಿಗೆ ನೀವೇ ಫೋನ್ ಮಾಡಿ ನೋಡಿ. ಎಷ್ಟು ರಿಂಗ್ ಆಗುತ್ತೆ, ಯಾರು ಎತ್ತುತ್ತಾರೆ, ಎದೆನೋವು ಅಂದರೆ ಏನು ಹೇಳ್ತಾರೆ. ವಾಚ್‌ಮನ್ ಎತ್ತಿ "ಬೆಳಗ್ಗೆ ಮಾಡಿ" ಅಂದರೆ ನಿಮ್ಮ ಉಳಿದ ಪ್ರಚಾರ ಎಲ್ಲ ನೀರು ಪಾಲು.

ಸಿಸ್ಟರ್_ಸಿದ್ದಾಪುರ:

ಹವಾಲ್ದಾರ್ ಅಂಕಲ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ನರ್ಸ್, ತೋಟದ ಕೆಲಸದವರ ಲೈನ್‌ಮನೆಗಳಿಗೂ ಆದಿವಾಸಿಗಳ ಹಾಡಿಗಳಿಗೂ ಕ್ಯಾಂಪ್‌ಗೆ ಹೋಗ್ತಿರ್ತೀನಿ.

ಕ್ಯಾಂಪ್ ಮಾಡೋದಾದರೆ ನೆಟ್ಟಗೆ ಮಾಡಿ ಅಕ್ಕ. ನಮ್ಮ ಕಡೆ ಒಂದು ಆಸ್ಪತ್ರೆಯವರು ಬಂದು ಬ್ಯಾನರ್ ಕಟ್ಟಿ, ಬಿಪಿ ನೋಡಿ, ಫೋಟೋ ತೆಗೆದು ಹೋದರು. ಒಬ್ಬ ಹೆಂಗಸಿಗೆ ಬಿಪಿ ತುಂಬಾ ಜಾಸ್ತಿ ಇತ್ತು. ಚೀಟಿಯಲ್ಲಿ ನಂಬರ್ ಬರೆದು ಕೈಗೆ ಕೊಟ್ಟರು ಅಷ್ಟೇ. ಆಕೆಗೆ ಓದೋಕೆ ಬರಲ್ಲ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ಆ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಸಿಕೊಂಡೇ ಇತ್ತು. ನನಗೆ ಎಷ್ಟು ಸಿಟ್ಟು ಬಂತು ಅಂದರೆ ಹೇಳೋಕಾಗಲ್ಲ. ಕ್ಯಾಂಪ್‌ನಲ್ಲಿ ಸಿಕ್ಕವರನ್ನು ಪಟ್ಟಿ ಮಾಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಮುಂದಿನ ವಾರ ವಿಚಾರಿಸೋಕೆ ಆಗಲ್ಲ ಅಂದರೆ ಕ್ಯಾಂಪೇ ಬೇಡ.

ಭಾಷೆಯೂ ನೋಡಿ. ಕಾಫಿ ಕುಯ್ಲಿನ ಟೈಮಿಗೆ ಅಸ್ಸಾಂ, ಬಂಗಾಳದವರು ತುಂಬಾ ಬರ್ತಾರೆ. ತಮಿಳು, ಮಲಯಾಳ ಮಾತಾಡುವವರು ಮೊದಲಿಂದ ಇದ್ದಾರೆ. ಕೊಡವ ಅಜ್ಜಿಗೆ ಕೊಡವ ತಕ್ಕಿನಲ್ಲಿ ಒಂದು ಮಾತು ಕೇಳಿದರೆ ಮುಖವೇ ಅರಳುತ್ತೆ. ಯಾವ ಸಿಸ್ಟರ್‌ಗೆ ಯಾವ ಭಾಷೆ ಬರುತ್ತೆ ಅಂತ ರಿಸೆಪ್ಷನ್‌ನಲ್ಲಿ ಬರೆದಿಟ್ಟುಕೊಳ್ಳಿ.

ರೈಟರ್‌ಗಳಿಗೆ ದುಡ್ಡು ಬೇಡ, ವಿಷಯ ಕೊಡಿ. ಹಾವು ಕಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು, ಕಟ್ಟು ಬಿಗಿಯಬಾರದು, ಕುಯ್ಯಬಾರದು, ನಿಮ್ಮಲ್ಲಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಸ್ಟಾಕ್ ಇದೆಯಾ, 108ಕ್ಕೆ ಯಾವಾಗ ಮಾಡಬೇಕು. ಒಂದೇ ಹಾಳೆ, ಚಿತ್ರದ ಸಮೇತ, ಲ್ಯಾಮಿನೇಷನ್ ಮಾಡಿ ಕೊಟ್ಟರೆ ತೋಟದ ಆಫೀಸಿನಲ್ಲಿ ವರ್ಷಗಟ್ಟಲೆ ಇರುತ್ತೆ. ಇಂಜೆಕ್ಷನ್ ಇಲ್ಲದಿದ್ದರೆ ಇದೆ ಅಂತ ಮಾತ್ರ ಹಾಕಬೇಡಿ, ದಮ್ಮಯ್ಯ.

ಪೊನ್ನಂಪೇಟೆ_ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ಆ ಹಾಳೆ ನಾಳೆಯೇ ಡಾಕ್ಟರ್‌ಗೆ ತೋರಿಸಿ ಬರೆಸ್ತೀನಿ. ಇನ್ನೊಂದು ಕೇಳಬೇಕಿತ್ತು. ಗೂಗಲ್‌ನಲ್ಲಿ ಒಬ್ಬರು ಒಂದು ಸ್ಟಾರ್ ಕೊಟ್ಟು, ತಂದೆಯನ್ನು ಸರಿಯಾಗಿ ನೋಡಲಿಲ್ಲ ಅಂತ ಉದ್ದಕ್ಕೆ ಬರೆದಿದ್ದಾರೆ. ಕೇಸ್ ಶೀಟ್ ಪ್ರಕಾರ ಚಿಕಿತ್ಸೆ ಸರಿಯಾಗೇ ಆಗಿದೆ. ಅದನ್ನೇ ಕೆಳಗೆ ಬರೆದು ಉತ್ತರ ಕೊಡಿ ಅಂತ ಆಡಳಿತದವರು ಹೇಳ್ತಿದ್ದಾರೆ.

ಬೇತ್ರಿ_ಅಣ್ಣ:

ಬೇಡ ತಂಗಿ. ಅವರು ತಮ್ಮ ತಂದೆಯ ವಿಷಯ ಬರೆಯಬಹುದು, ನೀವು ರೋಗಿಯ ಕಾಯಿಲೆ, ಚಿಕಿತ್ಸೆ ಹತ್ತು ಜನರ ಮುಂದೆ ಇಡೋ ಹಾಗಿಲ್ಲ. ಅವರು ನಿಮ್ಮ ರೋಗಿ ಅಂತ ಒಪ್ಪಿಕೊಳ್ಳುವ ಹಾಗೂ ಬರೆಯಬೇಡಿ. ಎರಡು ಸಾಲು ಸಾಕು. ಓದಿ ನೋವಾಯಿತು, ಈ ನಂಬರಿಗೆ ಕರೆ ಮಾಡಿ, ಇಂಥವರು ಮಾತಾಡ್ತಾರೆ. ಕರೆ ಬಂದರೆ ಡಾಕ್ಟರೇ ಕೂತು ಮಾತಾಡಲಿ, ಕೇಸ್ ಶೀಟ್ ತೆರೆದು ತೋರಿಸಲಿ. ಜಾಸ್ತಿ ಸಲ ಜನಕ್ಕೆ ಸಿಟ್ಟು ಬರೋದು ಚಿಕಿತ್ಸೆಗೆ ಅಲ್ಲ, ಯಾರೂ ಹೊರಗೆ ಬಂದು ಏನಾಗ್ತಿದೆ ಅಂತ ಹೇಳಲಿಲ್ಲ ಅಂತ. ಆವತ್ತು ಡ್ಯೂಟಿಯಲ್ಲಿ ಇದ್ದವರನ್ನು ಕೇಳಿ, ಮನೆಯವರ ಹತ್ತಿರ ಯಾರು ಮಾತಾಡಿದ್ದು ಅಂತ.

ಪೊನ್ನಂಪೇಟೆ_ಹುಡುಗಿ:

ಕೇಳಿದೆ ಅಣ್ಣ. ಯಾರೂ ಮಾತಾಡಿಲ್ಲ. ಇವತ್ತು ಸಂಜೆ ಡಾಕ್ಟರ್ ಹತ್ತಿರ ಈ ವಿಷಯ ತೆಗೀತೀನಿ.