ಕಿವಿಗೆ ನೀರು ಹೋದರೆ: ಆನ್‌ಲೈನ್ ಗುಂಪಿನಲ್ಲಿ ಕಿವಿ-ಮೂಗು-ಗಂಟಲು ವೈದ್ಯೆಯೊಂದಿಗೆ ಪ್ರಶ್ನೋತ್ತರ

ಸದಸ್ಯೆ, ತುಮಕೂರು: ಮೇಡಂ, ಮಗ ಈಜು ಶಿಬಿರಕ್ಕೆ ಹೋಗುತ್ತಿದ್ದಾನೆ. ಕಿವಿಯಲ್ಲಿ ನೀರು ನಿಂತು ಗುಳುಗುಳು ಎನ್ನುತ್ತದಂತೆ. ಏನು ಮಾಡಲಿ?

ವೈದ್ಯೆ: ಆ ಕಿವಿ ಕೆಳಗಾಗುವಂತೆ ತಲೆ ವಾಲಿಸಿ, ಕಿವಿಯನ್ನು ಮೆಲ್ಲಗೆ ಹಿಂದಕ್ಕೆಳೆದರೆ ನೀರು ಇಳಿಯುತ್ತದೆ. ಹೊರಗಷ್ಟೇ ಟವೆಲಿನಿಂದ ಒರೆಸಿ. ಕಡ್ಡಿ ಹಾಕಬೇಡಿ, ಒಳಗಿನ ಚರ್ಮ ಗೀಚಿದರೆ ಸೋಂಕು ತಗಲುತ್ತದೆ. ಎರಡು ದಿನವಾದರೂ ಕಿವಿ ಕಟ್ಟಿಕೊಂಡೇ ಇದ್ದರೆ ಗುಗ್ಗೆ ನೀರು ಹೀರಿ ಉಬ್ಬಿರಬಹುದು. ತೋರಿಸಿ.

ಸದಸ್ಯ, ಹೊನ್ನಾವರ: ಮಳೆಗಾಲದಲ್ಲಿ ಕಿವಿ ವಿಪರೀತ ತುರಿಸುತ್ತದೆ, ಕಪ್ಪು ಚುಕ್ಕೆಯ ಕೊಳೆ ಬರುತ್ತದೆ. ವಾರಕ್ಕೊಮ್ಮೆ ಎಣ್ಣೆ ಬಿಡುತ್ತೇನೆ.

ವೈದ್ಯೆ: ಬಹುಶಃ ಬೂಷ್ಟು. ಎಣ್ಣೆ ನಿಲ್ಲಿಸಿ. ವೈದ್ಯರು ಕೊಳೆಯನ್ನು ಹೀರಿ ತೆಗೆದ ಮೇಲೆಯೇ ಔಷಧ ನಾಟುವುದು.

ಸದಸ್ಯೆ, ರಾಣೆಬೆನ್ನೂರು: ಮಾವನವರಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಎಣ್ಣೆಸ್ನಾನದ ದಿನ ಎಡಗಿವಿಗೆ ನೀರು ಹೋಯಿತು, ಕಡ್ಡಿಯಿಂದ ಕೆದಕಿದರು. ಮೂರು ವಾರವಾಯಿತು. ಔಷಧದಂಗಡಿಯವರು ಕೊಟ್ಟ ಹನಿಗಳಿಂದ ಗುಣವಾಗಿಲ್ಲ. ರಾತ್ರಿ ನೋವಿಗೆ ನಿದ್ದೆಯೇ ಇಲ್ಲ.

ವೈದ್ಯೆ: ಇದನ್ನು ಓದಿ ನನಗೆ ಆತಂಕವಾಗಿದೆ. ಸಕ್ಕರೆ ಕಾಯಿಲೆಯ ಹಿರಿಯರಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕಿವಿಯ ಚರ್ಮವನ್ನು ದಾಟಿ ತಲೆಬುರುಡೆಯ ತಳದ ಮೂಳೆಯವರೆಗೂ ಹೋಗಬಲ್ಲದು. ಹೊರಗಿನಿಂದ ಕಿವಿ ಅಷ್ಟೇನೂ ಕೆಟ್ಟಂತೆ ಕಾಣುವುದಿಲ್ಲ, ನೋವು ಮಾತ್ರ ರಾತ್ರಿ ಮಲಗಗೊಡುವುದಿಲ್ಲ. ಮುಂದೆ ಮುಖದ ನರಕ್ಕೂ ತಗಲಬಹುದು. ಇದಕ್ಕೆ ಸ್ಕ್ಯಾನ್, ವಾರಗಟ್ಟಲೆ ಆಂಟಿಬಯಾಟಿಕ್, ಸಕ್ಕರೆಯ ಬಿಗಿ ಹತೋಟಿ ಬೇಕು. ಹನಿ ಹಾಕುತ್ತಾ ಕೂರುವಂತಿಲ್ಲ. ಕೂಡಲೇ ಹೇಳಿ: ಬಾಯಿ ಒಂದು ಕಡೆಗೆ ವಾಲಿದೆಯೇ? ಎಡಗಣ್ಣು ಪೂರ್ತಿ ಮುಚ್ಚುತ್ತದೆಯೇ?

ಸದಸ್ಯ, ಚನ್ನಪಟ್ಟಣ: ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ಹನಿ ಸಾಕು. ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕಿದ್ದೇನೆ, ಓದಿ.

ವೈದ್ಯೆ: ಯಾರೂ ಬಿಡಬೇಡಿ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ಬಿಸಿ ಎಣ್ಣೆಯಿಂದ ಸುಟ್ಟ ಕಿವಿಗಳಿಗೆ ನಾನು ಚಿಕಿತ್ಸೆ ಕೊಟ್ಟಿದ್ದೇನೆ.

ಸದಸ್ಯ, ಚನ್ನಪಟ್ಟಣ: ನಮ್ಮ ಅಜ್ಜಿ ಊರಿನ ಮಕ್ಕಳಿಗೆಲ್ಲ ಬಿಟ್ಟವರು. ಯಾರೂ ಕಿವುಡರಾಗಲಿಲ್ಲ.

ಸದಸ್ಯ, ಮೈಸೂರು: ಆದವರ ಲೆಕ್ಕ ಯಾರಿಟ್ಟಿದ್ದರು? ಕಿವಿ ಸೋರುತ್ತಿದ್ದ ನನ್ನ ತಂಗಿಗೂ ಹೀಗೆಯೇ ಎಣ್ಣೆ ಬಿಟ್ಟರು, ಕೊನೆಗೆ ಶಸ್ತ್ರಚಿಕಿತ್ಸೆಯೇ ಆಯಿತು.

ಸದಸ್ಯ, ಚನ್ನಪಟ್ಟಣ: ನಿಮ್ಮ ಮನೆಯವರಿಗೆ ಬಿಡಲು ಬಾರದಿದ್ದರೆ ಎಣ್ಣೆಯ ತಪ್ಪೇ?

ಸದಸ್ಯ, ಮೈಸೂರು: ಮನೆಯವರ ವಿಷಯ ಎತ್ತಬೇಡಿ.

ಸದಸ್ಯೆ, ಸಾಗರ: ಸ್ನಾನದಲ್ಲಿ ನೀರು ಹೋಗದಂತೆ ಏನು ಮಾಡಬೇಕು?

ವೈದ್ಯೆ: ಹತ್ತಿಯುಂಡೆಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಡಿ. ಸ್ನಾನ ಮುಗಿದೊಡನೆ ತೆಗೆಯಿರಿ.

ಸದಸ್ಯ, ಕಲಬುರಗಿ: ನನಗೆ ಕಿವಿಯಲ್ಲಿ ಸದಾ ಗುಂಯ್ ಎಂಬ ಸದ್ದು. ಅದೂ ನೀರಿನಿಂದಲೇ?

ಸದಸ್ಯ, ದಾವಣಗೆರೆ: ಇಯರ್ ಬಡ್ ಹಾಕಿ ನೀರು ತೆಗೆಯಬಹುದೇ?

ವೈದ್ಯೆ: ಮೇಲೆ ಓದಿ. ಬೇಡ.

ಸದಸ್ಯೆ, ರಾಣೆಬೆನ್ನೂರು: ಮೇಡಂ, ಈಗ ನೋಡಿದೆವು. ಎಡಗಣ್ಣು ಅರ್ಧ ಮಾತ್ರ ಮುಚ್ಚುತ್ತಿದೆ. ನಾಳೆ ಸೋಮವಾರ ತೋರಿಸಿದರೆ ಆಗುತ್ತದೆಯೇ?

ವೈದ್ಯೆ: ಇಲ್ಲ, ಈಗಲೇ ಹೊರಡಿ. ದಾವಣಗೆರೆಗೋ ಹುಬ್ಬಳ್ಳಿಗೋ, ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಸಕ್ಕರೆಯ ಮಾತ್ರೆ, ಹಾಕಿದ ಹನಿಯ ಬಾಟಲಿ, ಹಳೆಯ ಚೀಟಿಗಳು ಜೊತೆಯಲ್ಲಿರಲಿ.

ಸದಸ್ಯ, ಚನ್ನಪಟ್ಟಣ: ಕಿವಿಗೆ ನೀರು ಹೋದದ್ದಕ್ಕೂ ಸ್ಕ್ಯಾನ್! ಎಲ್ಲ ದುಡ್ಡಿನ ದಾರಿ.

ವೈದ್ಯೆ: ಬೆಳ್ಳುಳ್ಳಿ ಎಣ್ಣೆಯ ಆ ಸಂದೇಶವನ್ನು ಅಳಿಸಿ. ಅದು ಇಲ್ಲಿರುವವರೆಗೆ ನಾನು ಬೇರೆ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಸದಸ್ಯೆ, ತುಮಕೂರು: ಮೇಡಂ, ನಾಳೆ ಮಗನನ್ನು ಈಜಿಗೆ ಕಳಿಸಲೇ?